ಕುಲುಮೆಗಿಂತ ಮೊದಲು ತಕ್ಕಡಿ

ಮೆಟೀರಿಯಲ್ಸ್ ಸೈನ್ಸ್ ಲ್ಯಾಬಿಗೆ ಸಂಶೋಧನೆಗೆಂದು ಬಂದವರ ಕೈಗೆ ಮೊದಮೊದಲು ಸಿಗುವ ಕೆಲಸಗಳಲ್ಲಿ ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್‌ನ ಪೆಲೆಟ್ (ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ) ಮಾಡುವುದೂ ಒಂದು. ಎರಡು ಪುಡಿ ತೂಗು, ಅರೆ, ಫರ್ನೇಸಿನಲ್ಲಿಡು ಅಂತ ಸೀನಿಯರ್‌ಗಳು ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ಸ್ಯಾಂಪಲ್ ಕೆಟ್ಟಾಗ ಬೈಸಿಕೊಳ್ಳುವುದು ಫರ್ನೇಸ್. ಆದರೆ ಬಹಳ ಸಲ ಅದರ ಬಾಗಿಲು ಹಾಕುವ ಮೊದಲೇ ಕೆಲಸ ಕೆಟ್ಟಿರುತ್ತದೆ.

10 ಗ್ರಾಂ ಬೇರಿಯಂ ಟೈಟನೇಟ್ ಬೇಕಿದ್ದರೆ 8.462 ಗ್ರಾಂ ಬೇರಿಯಂ ಕಾರ್ಬೊನೇಟ್, 3.425 ಗ್ರಾಂ ಟೈಟಾನಿಯಂ ಡೈಆಕ್ಸೈಡ್. ಬಾಟಲಿಯ ಮೇಲೆ ಶುದ್ಧತೆ 99% ಎಂದಿದ್ದರೆ ಲೆಕ್ಕದ ತೂಕವನ್ನು 0.99ರಿಂದ ಭಾಗಿಸಿಕೊಳ್ಳಬೇಕು. ಪುಡಿಗಳನ್ನು ಹಿಂದಿನ ರಾತ್ರಿಯೇ 200 ಡಿಗ್ರಿ ಓವನ್ನಿನಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಪೂರ್ತಿ ತಣಿಸಿಯೇ ತೂಗುವುದು. ಬಿಸಿ ಇರುವಾಗ ತೂಗಿದರೆ ಸುತ್ತಲಿನ ಗಾಳಿ ಮೇಲೇಳುತ್ತಾ ತಟ್ಟೆಯನ್ನು ಎತ್ತುತ್ತದೆ, ತೂಕ ಕಡಿಮೆ ಕಾಣುತ್ತದೆ. ಲ್ಯಾಂಥನಂ ಆಕ್ಸೈಡ್ ಬಳಸುವವರಿಗಂತೂ ಓವನ್ ಸಾಲದು. ಅದು ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗಿ ಕೂತಿರುತ್ತದೆ, 900–1000 ಡಿಗ್ರಿಗೆ ಕಾಯಿಸಿದ ಮೇಲಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಬೇರಿಯಂ ಕಾರ್ಬೊನೇಟ್ ಹೊಟ್ಟೆಗೆ ಹೋದರೆ ವಿಷ. ಮಾಸ್ಕ್, ಗ್ಲೋವ್ಸ್ ಇಲ್ಲದೆ ಆ ಬಾಟಲಿ ತೆರೆಯಬಾರದು.

ಮೂರನೇ ದಶಾಂಶಕ್ಕೆ ಇಷ್ಟೊಂದು ಹಠ ಯಾಕೆ ಅಂದರೆ, ಟೈಟಾನಿಯಂ ಚೂರು ಹೆಚ್ಚಾದರೂ 1320 ಡಿಗ್ರಿ ಆಸುಪಾಸಿನಲ್ಲಿ ಕಣಗಳ ಅಂಚಿನಲ್ಲಿ ದ್ರವ ಹುಟ್ಟುತ್ತದೆ. ಆಗ ಕೆಲವೇ ಕಣಗಳು ಅಕ್ಕಪಕ್ಕದವನ್ನು ನುಂಗಿ ದೈತ್ಯವಾಗಿ ಬೆಳೆಯುತ್ತವೆ. ಬೇರಿಯಂ ಹೆಚ್ಚಾದರೆ ಬೇರಿಯಂ ಆರ್ಥೊಟೈಟನೇಟ್ ಉಳಿಯುತ್ತದೆ. ಅದಕ್ಕೆ ತೇವ ತಾಗಿದರೆ ಗಟ್ಟಿಯಾಗಿದ್ದ ಪೆಲೆಟ್ ಕ್ರಮೇಣ ಬಿರುಕು ಬಿಡುತ್ತದೆ.

ಅರೆಯುವುದು ಅಗೇಟ್ ಕಲ್ಲಿನ ಮಾರ್ಟರಿನಲ್ಲಿ (ಖಲ್ಲು), ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ. ಒಂದು ಗಂಟೆಗೆ ಕಡಿಮೆಯಾದರೆ ಅರೆದಂತೆಯೇ ಅಲ್ಲ. ಅಂಚಿಗೆ ಹತ್ತಿದ ಪುಡಿಯನ್ನು ಸ್ಪ್ಯಾಚುಲಾದಿಂದ ಆಗಾಗ ಮಧ್ಯಕ್ಕೆ ಎಳೆಯುತ್ತಿರಬೇಕು. ಅಲ್ಲಿ ಅಂಟಿಕೊಂಡೇ ಉಳಿದದ್ದು ಬೆರೆಯುವುದೇ ಇಲ್ಲ.

ಈಗ ತುಂಬ ಜನ ಬಿಟ್ಟುಬಿಡುವ ಕೆಲಸ. ಪುಡಿಯನ್ನು ಫರ್ನೇಸಿಗಿಡುವ ಕ್ರೂಸಿಬಲ್ ಎಂಬ ಬಟ್ಟಲನ್ನು ಖಾಲಿ ತೂಗಿ, ಪುಡಿ ಹಾಕಿ ಮತ್ತೆ ತೂಗಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫರ್ನೇಸಿನಿಂದ ತೆಗೆದ ಮೇಲೆ ಮತ್ತೊಮ್ಮೆ ತೂಗಿ: ಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿದ್ದರೆ ಮಿಶ್ರಣದ ತೂಕ 15.88% ಇಳಿಯಬೇಕು. 11.5 ಗ್ರಾಂ ಹಾಕಿದ್ದರೆ ಸುಮಾರು 1.83 ಗ್ರಾಂ. 14%ಕ್ಕೇ ನಿಂತಿದ್ದರೆ ಒಳಗಿನ್ನೂ ಕಾರ್ಬೊನೇಟ್ ಇದೆ. 17% ಹೋಗಿದ್ದರೆ ಪುಡಿಯಲ್ಲಿ ತೇವವೋ ಆಲ್ಕೊಹಾಲೋ ಉಳಿದಿತ್ತು, ಇಲ್ಲವೇ ಎಲ್ಲೋ ಚೆಲ್ಲಿದೆ. ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಪುಡಿಯಲ್ಲಿ ಯಾವ ಸಂಯುಕ್ತಗಳಿವೆ ಎಂದು ನೋಡುವ ಪರೀಕ್ಷೆ) ಸ್ಲಾಟಿಗೆ ವಾರಗಟ್ಟಲೆ ಕಾಯುವ ಲ್ಯಾಬುಗಳಲ್ಲಿ ಎರಡೇ ನಿಮಿಷದ ಈ ಪರೀಕ್ಷೆಗಿಂತ ಅಗ್ಗದ್ದು ನನಗಂತೂ ಕಂಡಿಲ್ಲ. ಆದರೆ ಇದಕ್ಕೂ ಮಿತಿ ಇದೆ: ಕಾರ್ಬೊನೇಟ್ ಪೂರ್ತಿ ಒಡೆದಿದ್ದರೂ ಆರ್ಥೊಟೈಟನೇಟ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಬೇರೆಬೇರೆಯಾಗೇ ಉಳಿದಿರಬಹುದು. ಅದು ತಕ್ಕಡಿಗೆ ತಿಳಿಯುವುದಿಲ್ಲ.

ಕ್ಯಾಲ್ಸಿನೇಷನ್, ಅಂದರೆ ಪುಡಿಗಳು ಪ್ರತಿಕ್ರಿಯಿಸಲೆಂದು ಕಾಯಿಸುವ ಮೊದಲ ಸುತ್ತು: 1100 ಡಿಗ್ರಿ, 4 ಗಂಟೆ. ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿದರೆ ಮೇಲೆ ಮುಟ್ಟಲೇ ಮೂರೂವರೆ ಗಂಟೆ ಬೇಕು. ಬೆಳಿಗ್ಗೆ 11ಕ್ಕೆ ಹಾಕಿದ್ದು ಸಂಜೆ ಆರೂವರೆಗೆ ಇಳಿಯತೊಡಗುತ್ತದೆ, ಬಾಗಿಲು ತೆರೆಯುವುದು ಮರುದಿನವೇ. ಪ್ರೋಗ್ರಾಂ ಬರೆಯುವಾಗ ಕೊನೆಯ ಸಾಲು ಮರೆಯಬೇಡಿ. ಕೆಲವು ಕಂಟ್ರೋಲರ್‌ಗಳಲ್ಲಿ ಸಮಯದ ಜಾಗದಲ್ಲಿ −121 ಎಂದು ಕೊಟ್ಟರೆ ಮಾತ್ರ ಪ್ರೋಗ್ರಾಂ ನಿಲ್ಲುತ್ತದೆ. ಕೊಡದಿದ್ದರೆ ಹಿಂದೆ ಬಳಸಿದವರು ಬಿಟ್ಟುಹೋದ ಸಾಲುಗಳಿಗೆ ಮುಂದುವರಿಯುತ್ತದೆ, ನಿಮ್ಮ ಪುಡಿ ರಾತ್ರಿಯೆಲ್ಲ ಅವರ ತಾಪಮಾನದಲ್ಲಿ ಬೇಯುತ್ತದೆ. ಮಾರ್ಕರ್ ಶಾಯಿ, ಪೆನ್ಸಿಲ್ ಗುರುತು ಎರಡೂ ಆ ಬಿಸಿಗೆ ಸುಟ್ಟುಹೋಗುತ್ತವೆ. ಯಾವ ಕ್ರೂಸಿಬಲ್ ಎಡಕ್ಕೆ, ಯಾವುದು ಹಿಂದಕ್ಕೆ ಎಂದು ಚಿತ್ರ ಬರೆದಿಟ್ಟುಕೊಳ್ಳುವುದೇ ವಾಸಿ.

ಮರುದಿನ ಪುಡಿಯನ್ನು ಮತ್ತೆ ಅರೆದು, 0.5 ಗ್ರಾಂಗೆ 5% ಪಿವಿಎ (ಕಣಗಳನ್ನು ಹಿಡಿದಿಡುವ ಅಂಟು) ದ್ರಾವಣದ ಎರಡು ಮೂರು ಹನಿ ಬೆರೆಸಿ ಒಣಗಿಸಿ, 10 ಮಿಲಿಮೀಟರ್ ಡೈಗೆ (ಅಚ್ಚು) ತುಂಬಿ 2 ಟನ್ ಒತ್ತಡ. ಅಂದರೆ ಸುಮಾರು 250 ಮೆಗಾಪಾಸ್ಕಲ್. ಇನ್ನೊಂದು ಟನ್ ಕೊಟ್ಟರೆ ಇನ್ನೂ ಗಟ್ಟಿಯಾದೀತು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆಗುವುದು ಬೇರೆಯೇ: ಒತ್ತಡ ತೆಗೆದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ, ಪೆಲೆಟ್ಟಿನ ಮೇಲ್ಪದರ ಟೊಪ್ಪಿಯಂತೆ ಕಳಚಿ ಬರುತ್ತದೆ. ಒತ್ತಡವನ್ನು ನಿಧಾನಕ್ಕೆ ಇಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಸಿಂಟರಿಂಗಿನಲ್ಲಿ, ಅಂದರೆ ಪೆಲೆಟ್ ಗಟ್ಟಿಯಾಗಲೆಂದು ಸುಡುವಾಗ, 600 ಡಿಗ್ರಿವರೆಗೆ ನಿಮಿಷಕ್ಕೆ 1–2 ಡಿಗ್ರಿ ಸಾಕು, ಅಲ್ಲೇ ಒಂದು ಗಂಟೆ ನಿಲ್ಲಿಸಿ ಪಿವಿಎ ಸುಟ್ಟುಹೋಗಲು ಬಿಡಬೇಕು. ಆಮೇಲೆ 1300ಕ್ಕೆ ಏರಿಸಿ 2 ಗಂಟೆ. ಪೆಲೆಟ್ ಅಲ್ಯುಮಿನಾ ತಟ್ಟೆಗೆ ಅಂಟದಂತೆ ಕೆಳಗೆ ಅದೇ ಪುಡಿಯನ್ನು ಚಿಮುಕಿಸಿರಿ. ಸಾಂದ್ರತೆಯನ್ನು ಆರ್ಕಿಮಿಡೀಸ್ ವಿಧಾನದಲ್ಲಿ (ನೀರಿನಲ್ಲಿ ಮುಳುಗಿಸಿ ತೂಗಿ) ಅಳೆದು, ಲೆಕ್ಕದ ಸಾಂದ್ರತೆಯಾದ ಘನ ಸೆಂಟಿಮೀಟರಿಗೆ 6.02 ಗ್ರಾಂಗೆ ಹೋಲಿಸುವುದು.

ಎಕ್ಸ್‌ಆರ್‌ಡಿ ಗ್ರಾಫಿನಲ್ಲಿ ಮೊದಲು 24 ಡಿಗ್ರಿ ಹತ್ತಿರ ನೋಡಿ (ಇಲ್ಲಿ ಡಿಗ್ರಿ ಎಂದರೆ ಬಿಸಿಯಲ್ಲ, ಎಕ್ಸ್-ರೇ ತಿರುಗಿದ ಕೋನ). ಅಲ್ಲಿ ಪೀಕ್ ಇದ್ದರೆ ಕಾರ್ಬೊನೇಟ್ ಉಳಿದಿದೆ. ಆಮೇಲೆ 45 ಡಿಗ್ರಿ. ಹರಳು ಟೆಟ್ರಾಗೊನಲ್ (ಒಂದು ದಿಕ್ಕಿಗೆ ತುಸು ಉದ್ದವಾದ ಘನಾಕೃತಿ) ಆಗಿದ್ದರೆ ಅಲ್ಲಿ ಜೋಡಿ ಪೀಕ್, ನಡುವೆ ಸುಮಾರು ಅರ್ಧ ಡಿಗ್ರಿ ಅಂತರ, ಚಿಕ್ಕದು ಎಡಕ್ಕೆ. ಅಂತರ 0.1 ಡಿಗ್ರಿಯಷ್ಟೇ ಇದ್ದು ಚಿಕ್ಕದು ಬಲಕ್ಕೆ ಕೂತಿದ್ದರೆ ಅದು ತಾಮ್ರದ ಕೆ-ಆಲ್ಫಾ 2 (ಯಂತ್ರದ ಎಕ್ಸ್-ರೇಯಲ್ಲೇ ಬೆರೆತಿರುವ ಎರಡನೇ ತರಂಗಾಂತರ), ಸ್ಯಾಂಪಲ್ಲಿನದಲ್ಲ. ಗೈಡ್ ಮುಂದೆ ಇದನ್ನೇ ಟೆಟ್ರಾಗೊನಲ್ ಎಂದು ತೋರಿಸುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಇನ್ನು ಎಲ್ಲ ಪೀಕುಗಳೂ ಒಟ್ಟಿಗೆ ಬಲಕ್ಕೆ ಸರಿದಿದ್ದರೆ ಡೋಪಿಂಗ್ (ಬೇರೆ ಧಾತುವನ್ನು ಚೂರು ಬೆರೆಸುವುದು) ಫಲಿಸಿತೆಂದು ಹಿಗ್ಗುವ ಮೊದಲು ಪುಡಿ ತುಂಬಿದ ಹೋಲ್ಡರ್ ನೋಡಿ. ಪುಡಿ ಅಂಚಿಗಿಂತ 0.1 ಮಿಲಿಮೀಟರ್ ಎತ್ತರಕ್ಕಿದ್ದರೂ ಪೀಕ್ 0.05ರಿಂದ 0.08 ಡಿಗ್ರಿ ಸರಿಯುತ್ತದೆ. ಒಂದಿಷ್ಟು ಸಿಲಿಕಾನ್ ಪುಡಿ ಬೆರೆಸಿ ಇನ್ನೊಮ್ಮೆ ಓಡಿಸಿದರೆ, ಸಿಲಿಕಾನ್ ಪೀಕುಗಳೂ ಸರಿದಿವೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.