ಹಲ್ಲು ಕಚ್ಚಿಕೊಂಡು ಮಾಡುವ ವ್ಯಾಯಾಮ ಅಲ್ಲ ಇದು

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವ ನನಗೆ ಪದೇ ಪದೇ ಕೇಳುವ ಮಾತು ಒಂದಿದೆ: "ಗಟ್ಟಿಯಾಗಿ ಒತ್ರಿ, ನೋವಾದ್ರೇನೇ ಅಲ್ವಾ ವಾಸಿ ಆಗೋದು?" ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು ಹೀಗೆ ಕೇಳುತ್ತಾರೆ. ಬೆಣ್ಣೆದೋಸೆ ಕಾವಲಿ ಮುಂದೆ ಬೆಳಗಿನಿಂದ ನಿಂತೇ ಇರುವವರೂ ಕೇಳುತ್ತಾರೆ. ಫೋಮ್ ರೋಲರ್ (ಮಾಂಸಖಂಡದ ಕೆಳಗಿಟ್ಟು ಉರುಳಿಸುವ ಫೋಮಿನ ಉರುಳೆ) ಕೈಗೆ ಕೊಟ್ಟರೆ ಚಪಾತಿ ಲಟ್ಟಿಸಿದ ಹಾಗೆ ಸರಸರ ಉರುಳಿಸುತ್ತಾರೆ, ಅದೂ ಉಸಿರು ಬಿಗಿಹಿಡಿದು.

ಹಾಗೆ ನೋಯಿಸಿದರೆ ಮೈ ಸಡಿಲ ಬಿಡುವುದಿಲ್ಲ, ಇನ್ನೂ ಬಿಗಿಯುತ್ತದೆ. ರೋಲರ್ ಒಳಗಿನ ಗಂಟು ಒಡೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಹಾಗೇನೂ ಒಡೆಯುವುದಿಲ್ಲ. ಹದವಾದ ಒತ್ತಡ ಸಿಕ್ಕಾಗ ನರಗಳ ಮೂಲಕ ಮಿದುಳಿಗೆ ಬೇರೆ ಸುದ್ದಿ ಹೋಗುತ್ತದೆ, ನೋವಿನ ಅರಿವು ಸ್ವಲ್ಪ ತಗ್ಗುತ್ತದೆ, ಕೀಲು ಆಡುವುದು ಸುಲಭವಾಗುತ್ತದೆ. ಈ ಹಗುರ ಜಾಸ್ತಿ ಹೊತ್ತು ಇರುವುದಿಲ್ಲ, ಅರ್ಧ ಗಂಟೆ ಇದ್ದರೆ ಹೆಚ್ಚು. ಅಷ್ಟರೊಳಗೆ ಎದ್ದು ನಡೆಯಬೇಕು, ಸ್ಟ್ರೆಚ್ ಮಾಡಬೇಕು, ಹೇಳಿಕೊಟ್ಟ ವ್ಯಾಯಾಮ ಮುಗಿಸಬೇಕು. ರೋಲರ್ ಮಾಡಿ ಹಾಗೇ ಮಲಗಿಬಿಟ್ಟರೆ ಸಿಗುವ ಲಾಭ ಅಷ್ಟಕ್ಕಷ್ಟೇ.

ಮೀನಖಂಡಕ್ಕೆ ಹೀಗೆ ಮಾಡಿಸುತ್ತೇನೆ. ಚಾಪೆ ಮೇಲೆ ಕೂತು ಒಂದು ಕಾಲನ್ನು ರೋಲರ್ ಮೇಲಿಡಬೇಕು. ಇನ್ನೊಂದು ಕಾಲು ಮಡಚಿ, ಪಾದ ನೆಲಕ್ಕೆ ಊರಿರಬೇಕು. ಮೈಭಾರ ಸ್ವಲ್ಪ ಆ ಪಾದಕ್ಕೆ, ಸ್ವಲ್ಪ ಹಿಂದೆ ಊರಿದ ಕೈಗಳಿಗೆ. ಹಿಮ್ಮಡಿಯ ಮೇಲಿನಿಂದ ಶುರು ಮಾಡಿ ಮಂಡಿಯ ಕಡೆಗೆ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ. ಮಂಡಿಯ ಹಿಂದಿನ ಗುಳಿ ಬರುವ ಮೊದಲೇ ನಿಲ್ಲಿಸಬೇಕು. ಎಲ್ಲಿ ನೋಯುತ್ತದೋ ಅಲ್ಲಿ ನಿಂತು ಎರಡು ಮೂರು ಉಸಿರು ನಿಧಾನಕ್ಕೆ ಬಿಡಿ. ಒಂದು ಕಾಲಿಗೆ ಒಂದು ನಿಮಿಷ ಸಾಕು. ಹತ್ತಕ್ಕೆ ನಾಲ್ಕೈದರಷ್ಟು ನೋವು ಇರಲಿ, ಅದಕ್ಕಿಂತ ಮೇಲೆ ಬೇಡ. ನಾನು ಅವರ ಮುಖ ನೋಡುತ್ತಲೇ ಇರುತ್ತೇನೆ. ಹುಬ್ಬು ಗಂಟಿಕ್ಕಿತು ಅಂದರೆ ಭಾರ ಜಾಸ್ತಿಯಾಗಿದೆ ಅಂತಲೇ ಅರ್ಥ.

ಆದರೆ ರೋಲರ್ ಕೊಡುವ ಮೊದಲು ಪ್ಯಾಂಟ್ ಮೇಲೆತ್ತಿಸಿ ಕಾಲು ನೋಡುವುದನ್ನು ನಾನು ಬಿಡುವುದಿಲ್ಲ. ನಿಂತು ದುಡಿಯುವವರಲ್ಲಿ ವೆರಿಕೋಸ್ ವೇನ್ ಸಾಮಾನ್ಯ. ನೀಲಿ ರಕ್ತನಾಳ ಉಬ್ಬಿ ಸುರುಳಿಯಾಗಿದ್ದರೆ ಅಲ್ಲಿ ರೋಲರ್ ಬೇಡವೇ ಬೇಡ. ಒಂದೇ ಕಾಲು ಊದಿ, ಮುಟ್ಟಿದರೆ ಬಿಸಿಯಿದ್ದು, ಮೀನಖಂಡ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ಉಜ್ಜಲೇಬಾರದು, ಅವತ್ತೇ ಡಾಕ್ಟರ್ ಹತ್ತಿರ ಕಳಿಸಬೇಕು. ಕಾಲು ನೋವು ಅಂದ ಕೂಡಲೇ ಉಜ್ಜಲು ಕೂರುವ ನಮ್ಮೂರಿನ ಅಭ್ಯಾಸ ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮೂಳೆ ಸವೆದು ದುರ್ಬಲವಾದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಕೂಡ ಕೇಳದೆ ಶುರು ಮಾಡಬಾರದು.

ಹಮಾಲರು ಕೇಳುವುದು ಸೊಂಟಕ್ಕೆ. ಸೊಂಟದ ಕೆಳಭಾಗವನ್ನು ನೇರವಾಗಿ ರೋಲರ್ ಮೇಲಿಟ್ಟು ಉರುಳಬೇಡಿ. ಅಲ್ಲಿ ಪಕ್ಕೆಲುಬಿನ ಆಸರೆ ಇಲ್ಲ, ಬೆನ್ನು ಸುಮ್ನೆ ಬಾಗಿಬಿಡುತ್ತದೆ. ನಾನು ಪಿರ್ರೆ ಮತ್ತು ತೊಡೆಗೆ ಮಾಡಿಸುತ್ತೇನೆ. ಎಷ್ಟೋ ಜನಕ್ಕೆ ಅಷ್ಟರಲ್ಲೇ ಸೊಂಟ ಹಗುರಾಗುತ್ತದೆ. ನೋವು ಕಾಲಿಗೆ ಇಳಿದು ಜೋಮು ಹಿಡಿದಿದ್ದರೆ ರೋಲರ್ ಪಕ್ಕಕ್ಕಿಟ್ಟು ಮೊದಲು ಪರೀಕ್ಷೆ ಮಾಡಿಸಬೇಕು.

ನೆಲಕ್ಕೆ ಕೂರಲಾಗದ ವಯಸ್ಸಾದವರಿಗೆ ಗೋಡೆಯೇ ಸಾಕು. ಬೆನ್ನಿನ ಮೇಲ್ಭಾಗ ಮತ್ತು ಗೋಡೆಯ ನಡುವೆ ಮೆತ್ತನೆಯ ರೋಲರ್ ಇಟ್ಟು, ಮಂಡಿ ಸ್ವಲ್ಪ ಮಡಚಿ ಮೇಲೆ ಕೆಳಗೆ ಆಡಬೇಕು. ಬೀಳದಂತೆ ಪಕ್ಕದಲ್ಲಿ ಯಾರಾದರೂ ನಿಂತಿರಲಿ. ದುಡ್ಡು ಕೊಟ್ಟು ರೋಲರ್ ತರಲಾಗದವರು ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಮನೆಯ ಲಟ್ಟಣಿಗೆಯನ್ನೇ ನಿಧಾನಕ್ಕೆ ಉರುಳಿಸಬಹುದು. ಮೂಳೆ, ಮಂಡಿಚಿಪ್ಪು ಬಿಟ್ಟು ಮಾಂಸಖಂಡದ ಮೇಲೆ ಮಾತ್ರ.