ನೆಟ್ಟಗೆ ನಿಂತ ಗೆರೆಗೆ ಸ್ಲೋಪ್ ಯಾಕಿಲ್ಲ?

15 ಫೆಬ್ರವರಿ 2025, ಶನಿವಾರ

"ಚಿಕ್ಕಮ್ಮ, ಮಲಗಿದ ಗೆರೆಗೆ ಸ್ಲೋಪ್ ಸೊನ್ನೆ. ಸರಿ. ನೆಟ್ಟಗೆ ನಿಂತದ್ದಕ್ಕೆ ಸ್ಲೋಪೇ ಇಲ್ಲ ಅಂತಾರೆ. ಅಷ್ಟು ಕಡಿದಾಗಿರೋದಕ್ಕೇ ಇಲ್ಲ ಅಂದ್ರೆ ಹೇಗೆ?"

ಪುಟ್ಟಿಯ ಈ ಪ್ರಶ್ನೆ ಸಂಜೆಯಿಂದ ತಲೆಯಲ್ಲೇ ಕೂತಿದೆ. ಸ್ಲೋಪ್ ಅಂದರೆ ಗೆರೆ ಎಷ್ಟು ಕಡಿದು ಅನ್ನೋ ಅಳತೆ, ಮೇಲಕ್ಕೆ ಏರಿದ್ದನ್ನು ಅಡ್ಡಕ್ಕೆ ಹೋದದ್ದರಿಂದ ಭಾಗಿಸಿದರೆ ಬರೋ ಸಂಖ್ಯೆ. ಫಸ್ಟ್ ಪಿಯುಸಿ ಪರೀಕ್ಷೆ ಹತ್ತಿರ ಬಂತು. ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕ ಮಾಡ್ತಾಳೆ. ಆದರೂ "ಅನ್‌ಡಿಫೈನ್ಡ್ ಅಂತ ಬರೆದ್ರೆ ಮಾರ್ಕ್ಸ್ ಸಿಗುತ್ತೆ, ಆದ್ರೆ ನಂಗೆ ಅರ್ಥ ಆಗಿಲ್ಲ" ಅಂದಳು. ಮಾರ್ಕ್ಸ್ ಸಿಗುತ್ತದೆ ಅಂತ ಗೊತ್ತಿದ್ದೂ ಅಲ್ಲಿಗೇ ಬಿಡಲಿಲ್ಲವಲ್ಲ, ತುಂಬಾ ಖುಷಿಯಾಯಿತು.

ಮಲಗಿದ ಗೆರೆ ಸುಲಭ. ಅದರ ಮೇಲೆ (1, 3) ಮತ್ತು (7, 3) ತಗೊಂಡೆವು. ಅಡ್ಡಕ್ಕೆ 6 ಹೋದೆವು, ಮೇಲಕ್ಕೆ ಏನೂ ಏರಲಿಲ್ಲ. 0ಯನ್ನು 6ರಿಂದ ಭಾಗಿಸಿದರೆ 0. ಅದು ಸರಿಯಾದ ಒಂದು ಉತ್ತರ, ಮುಂದಿನ ಲೆಕ್ಕಕ್ಕೂ ಬಳಸಬಹುದು. ನಿಂತ ಗೆರೆಯ ಮೇಲೆ (2, 1) ಮತ್ತು (2, 5). ಏರಿದ್ದು 4, ಅಡ್ಡಕ್ಕೆ ಹೋಗಿದ್ದು 0. ಈಗ 4ನ್ನು 0ಯಿಂದ ಭಾಗಿಸಬೇಕು. ಅಂದರೆ ಯಾವ ಸಂಖ್ಯೆಯನ್ನು 0ಯಿಂದ ಗುಣಿಸಿದರೆ 4 ಬರುತ್ತದೆ ಅಂತ ಹುಡುಕಬೇಕು. ಅಂಥ ಸಂಖ್ಯೆಯೇ ಇಲ್ಲ.

"ಹಾಗಾದ್ರೆ ಇನ್ಫಿನಿಟಿ ಅಂತ ಬರೀಲಾ?"

ಈ ಯೋಚನೆ ದೊಡ್ಡ ದೊಡ್ಡವರಿಗೂ ಬಂದದ್ದೇ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯನ್ನು ಖಹರ ಅಂತ ಕರೆದು, ಅದು ಅನಂತ ಅಂದಿದ್ದರು. ಇದನ್ನು ಕೇಳಿ ಪುಟ್ಟಿಯ ಮುಖ ಅರಳಿತು. ಆದರೆ ಇವತ್ತಿನ ಲೆಕ್ಕದಲ್ಲಿ ಅದು ಯಾಕೆ ಸಾಲದು ಅಂತಲೂ ಹೇಳಬೇಕಲ್ವಾ.

ಮನೆ ಹಿಂದಿನ ಸಿಲ್ವರ್ ಓಕ್ ಮರಕ್ಕೆ ಮೆಣಸು ಕೊಯ್ಯಲು ಏಣಿ ಇಟ್ಟಿದ್ದರು. ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆ ಅಂದೆ. ಮರ ಬರೆದಳು, ಕೇಳದಿದ್ದರೂ ಮೆಣಸಿನ ಬಳ್ಳಿ ಹಬ್ಬಿಸಿ ಎಲೆಗಳನ್ನೂ ಬರೆದಳು. ಏಣಿ ಮರವನ್ನು ಮುಟ್ಟುವ ಎತ್ತರ ಯಾವಾಗಲೂ 16 ಅಡಿಯೇ ಇರಲಿ. ಏಣಿಯ ಬುಡ ಮರದ ಎಡಕ್ಕೆ 4 ಅಡಿ ದೂರ ಇದ್ದರೆ ಸ್ಲೋಪ್ 4. ಬುಡವನ್ನು 2 ಅಡಿಗೆ ತಂದರೆ 8, 1 ಅಡಿಗೆ ತಂದರೆ 16, ಅರ್ಧ ಅಡಿಗೆ 32. ಹತ್ತಿರ ತಂದಷ್ಟೂ ಏರುತ್ತಲೇ ಹೋಗುತ್ತದೆ. "ನೋಡಿ, ಇನ್ಫಿನಿಟಿ ಕಡೆಗೇ ಹೋಗ್ತಿದೆ!" ಅಂದಳು. ಹೌದು, ಈಗ ಅದೇ ಏಣಿಯನ್ನು ಬಲಗಡೆಯಿಂದ ಇಡು ಅಂದೆ. ಪೆನ್ಸಿಲ್ ಆಡಿತು. ಮೈನಸ್ 4, ಮೈನಸ್ 8, ಮೈನಸ್ 16, ಮೈನಸ್ 32. ಪೆನ್ಸಿಲ್ ನಿಂತಿತು. ಎರಡೂ ಕಡೆಯಿಂದ ನಾವು ಬರುತ್ತಿರುವುದು ಅದೇ ಮರಕ್ಕೆ. ಒಂದು ಕಡೆಯಿಂದ ಬಂದರೆ ಮಿತಿಯೇ ಇಲ್ಲದೆ ಮೇಲಕ್ಕೆ, ಇನ್ನೊಂದು ಕಡೆಯಿಂದ ಬಂದರೆ ಮಿತಿಯೇ ಇಲ್ಲದೆ ಕೆಳಕ್ಕೆ. ಮರಕ್ಕೆ ಯಾವುದನ್ನು ಕೊಡೋದು? ಒಂದನ್ನು ಆರಿಸಿದರೆ ಇನ್ನೊಂದಕ್ಕೆ ಸುಳ್ಳು ಹೇಳಿದ ಹಾಗೆ.

ತುಂಬಾ ಹೊತ್ತು ಮಾತಾಡಲಿಲ್ಲ ಅವಳು. ಆಮೇಲೆ ಮರದ ಪಕ್ಕ ಸಣ್ಣಕ್ಷರದಲ್ಲಿ "ಇಲ್ಲ" ಅಂತ ಬರೆದಳು.

ಏಣಿ ಅಂದಾಗ ನೆನಪಾಯಿತು, ಸೋಮವಾರದಿಂದ ಕೆಳಗಿನ ತೋಟದಲ್ಲಿ ಮೆಣಸು ಕೊಯ್ಲು. ಅಲ್ಲಿ ಕರೆಂಟ್ ಲೈನ್ ಮರಗಳ ಮಧ್ಯೆಯೇ ಹೋಗಿದೆ. ಅಲ್ಯೂಮಿನಿಯಂ ಏಣಿ ಬೇಡ, ಬಿದಿರಿನದ್ದೇ ತನ್ನಿ ಅಂತ ಇವರಿಗೆ ಹೇಳಿದ್ದೇನೆ. ಲೈನ್ ಆಫ್ ಮಾಡಿಸದೆ ಆ ಸಾಲಿಗೆ ಯಾರನ್ನೂ ಹತ್ತಿಸಬಾರದು. ಹತ್ತುವವರ ಮನೆಯಲ್ಲೂ ಪುಟ್ಟಿಯಂಥ ಮಕ್ಕಳಿದ್ದಾರೆ. ಪ್ರತಿ ಕೊಯ್ಲಿಗೂ ಇದೇ ಭಯ ನನಗೆ.

ಊಟ ಆದ ಮೇಲೆ ಮತ್ತೆ ಪುಸ್ತಕ ಹಿಡಿದು ಬಂದಳು. ಒಂದಕ್ಕೊಂದು ಲಂಬವಾಗಿರೋ ಎರಡು ಗೆರೆಗಳ ಸ್ಲೋಪ್ ಗುಣಿಸಿದರೆ ಮೈನಸ್ 1 ಬರಬೇಕು, ಆದರೆ ಒಂದು ಮಲಗಿದ್ದು, ಒಂದು ನಿಂತಿದ್ದು, ಇವೂ ಲಂಬ ತಾನೇ, ಏನನ್ನು ಗುಣಿಸೋದು ಅಂತ. ಒಳ್ಳೇ ಪ್ರಶ್ನೆ. ಎರಡಕ್ಕೂ ಸ್ಲೋಪ್ ಇದ್ದಾಗ ಮಾತ್ರ ಆ ನಿಯಮ ಅಂದೆ. ಗೆರೆಯ ಸಮೀಕರಣ ವೈ = ಎಂಎಕ್ಸ್ + ಸಿ ಕೂಡ ಹಾಗೇ, ಅದರಲ್ಲಿ ಎಂ ಅಂದರೆ ಸ್ಲೋಪ್, ಎಕ್ಸ್ = 2 ಅನ್ನೋ ಗೆರೆಯನ್ನು ಅದರಲ್ಲಿ ಬರೆಯಲಿಕ್ಕೆ ಆಗೋದೇ ಇಲ್ಲ. ಆದರೆ ಎಎಕ್ಸ್ + ಬಿವೈ + ಸಿ = 0 ಅಂತ ಬರೆದರೆ ಎಲ್ಲ ಗೆರೆಗಳಿಗೂ ಜಾಗ ಇದೆ, ಎ ಸೊನ್ನೆಯಾದರೆ ಮಲಗಿದ್ದು, ಬಿ ಸೊನ್ನೆಯಾದರೆ ನಿಂತಿದ್ದು, ಎರಡೂ ಸೊನ್ನೆಯಾದರೆ ಏನಾಗುತ್ತದೆ ಅಂತ ನಾಳೆ ಅವಳನ್ನೇ ಕೇಳಬೇಕು.