ಫ್ರಿಜ್ಜಿನ ತಗಡಿನಿಂದ ಶುರುವಾದ ರೇಸು

ಅಕ್ಕನ ಮನೆ ಇರುವುದು ಅಮೆರಿಕದ ಆರಿಜೋನಾದಲ್ಲಿ, ಚಾಂಡ್ಲರ್ ಎಂಬ ಊರಲ್ಲಿ. ಹೋದ ಫೆಬ್ರವರಿಯಲ್ಲಿ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದಾವಣಗೆರೆಯಲ್ಲಿ ಮೂವತ್ತೈದು ವರ್ಷ ಬೈಕ್ ಗ್ಯಾರೇಜು ನಡೆಸಿದವರು ಅವರು. ಗ್ರ್ಯಾಂಡ್ ಕ್ಯಾನಿಯನ್ ನೋಡಿ "ಚೆನ್ನಾಗೈತಿ" ಅಂದರು, ಅಷ್ಟೇ. ಮಾರಿಕೋಪಾದ ಡ್ವಾರ್ಫ್ ಕಾರ್, ಅಂದರೆ ಕುಳ್ಳ ಕಾರುಗಳ ಮ್ಯೂಸಿಯಂನಿಂದ ಮಾತ್ರ ಅವರನ್ನು ಹೊರಡಿಸೋದೇ ಕಷ್ಟವಾಯಿತು.

ಅಕ್ಕನ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಎರಡೂ ಕಡೆ ಒಣ ಬಯಲು, ಅಲ್ಲಲ್ಲಿ ಆಳೆತ್ತರದ ಕಳ್ಳಿ. ಮ್ಯೂಸಿಯಂ ಒಳಗೆ ಕಾಲಿಟ್ಟರೆ ಹಳೇ ಕಾಲದ ಅಮೆರಿಕನ್ ಕಾರುಗಳ ಸಾಲು. ಆದರೆ ಎಲ್ಲವೂ ನನ್ನ ಎದೆಮಟ್ಟ! ಅಸಲಿ ಕಾರಿನ ಎಂಟರಲ್ಲಿ ಐದು ಪಾಲು ಅಳತೆ. ಆಟದ ಸಾಮಾನಲ್ಲ, ರಸ್ತೆಯಲ್ಲಿ ಓಡುವ ಕಾರುಗಳು. 1949ರ ಮರ್ಕ್ಯುರಿಯ ಬಂಪರ್, ಗ್ರಿಲ್, ಬಾಗಿಲ ಹಿಡಿಕೆ ಎಲ್ಲವನ್ನೂ ಈ ಕಾರುಗಳನ್ನು ಕಟ್ಟಿದ ಎರ್ನಿ ಆಡಮ್ಸ್ ಕೈಯಲ್ಲೇ ಮಾಡಿದ್ದಾರೆ.

ಅವರ ಮೊದಲ ಕಾರು 1965ರದ್ದು. 1928ರ ಶೆವ್ರೊಲೆ ಕಾರಿನ ಮರಿ. ಗುಜರಿಗೆ ಬಿದ್ದ ಒಂಬತ್ತು ಫ್ರಿಜ್ಜುಗಳ ತಗಡು ಅದರ ಮೈಯಾಯಿತು. ಮಷೀನು ಇರಲಿಲ್ಲ. ಸುತ್ತಿಗೆ, ಉಳಿ, ತಾವೇ ಮಾಡಿಕೊಂಡ ಗರಗಸ, ಇಷ್ಟರಲ್ಲೇ ಕೊಯ್ದಿದ್ದಾರೆ. ಅಪ್ಪ ಬಗ್ಗಿ, ಬಾಗಿಲಿನ ಅಂಚನ್ನೇ ಬಹಳ ಹೊತ್ತು ನೋಡಿದರು. "ಉಳಿಯಲ್ಲಿ ತಗಡು ಕೊಯ್ದರೆ ಅಂಚು ಸೊಟ್ಟ ಆಗ್ತತಮ್ಮ. ನೋಡು ಇಲ್ಲಿ, ಎಷ್ಟು ನೇರ ಐತಿ" ಅಂದರು.

1980ರ ದಶಕದ ಶುರುವಿನಲ್ಲಿ ಆಡಮ್ಸ್ ಮತ್ತು ಗೆಳೆಯರು ಇದೇ ಅಳತೆಯ ಕಾರುಗಳನ್ನು ಮಣ್ಣಿನ ಟ್ರ್ಯಾಕಿಗೆ ಇಳಿಸಿದರು. ಕಬ್ಬಿಣದ ಪೈಪಿನ ಪಂಜರ, ಮೇಲೆ ತಗಡು, ಒಳಗೆ ಮೋಟಾರ್ ಸೈಕಲ್ ಇಂಜಿನ್. ಬೈಕಿನದ್ದೇ ಯಾಕೆ? ತೂಕ ಕಡಿಮೆ, ಬಿದ್ದ ಬೈಕಿಂದ ಅಗ್ಗಕ್ಕೆ ಸಿಗುತ್ತೆ, ಗೇರ್‌ಬಾಕ್ಸು ಅದರ ಹೊಟ್ಟೆಯಲ್ಲೇ ಇರುತ್ತೆ.

ಆಮೇಲೆ 1992ರಲ್ಲಿ ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ ಇದೇ ಜಾಡು ಹಿಡಿದು ಲೆಜೆಂಡ್ಸ್ ಅನ್ನೋ ಪುಟ್ಟ ರೇಸ್ ಕಾರು ಬಂತು. ಮೈ ಫೈಬರ್ ಗ್ಲಾಸು, ಇಂಜಿನ್ ಯಮಹಾ. ಕೈಕೆಲಸ ಹೋಗಿ ಫ್ಯಾಕ್ಟರಿ ಬಂತು. ಕಾರು ಡಾಂಬರಿನ ಮೇಲೂ ಓಡಿತು, ಬೇರೆ ದೇಶಗಳಿಗೂ ಹೋಯಿತು. ನನಗಂತೂ ಉಳಿಯ ಏಟು ತಿಂದ ಆ ಮೊದಲ ಕಾರೇ ಹೆಚ್ಚು.

ಆ ಶನಿವಾರ ಸಂಜೆ ಭಾವ ನಮ್ಮನ್ನು ಮಣ್ಣಿನ ಟ್ರ್ಯಾಕಿಗೆ ಕರೆದೊಯ್ದರು. ರೇಸಿಗೆ ಮುಂಚೆ ಒಂದು ಡ್ವಾರ್ಫ್ ಕಾರಿನ ಬಾನೆಟ್ ತೆಗೆದಿಟ್ಟಿದ್ದರು. ಅಪ್ಪ ಅಲ್ಲೇ ನಿಂತುಬಿಟ್ಟರು. ಬೈಕಲ್ಲಿ ಅಡ್ಡ ಕೂರುವ ಇಂಜಿನ್ ಇಲ್ಲಿ ಉದ್ದಕ್ಕೆ ತಿರುಗಿ ಕೂತಿತ್ತು. ಚೈನ್ ಸ್ಪ್ರಾಕೆಟ್ ಇರಬೇಕಾದ ಜಾಗದಿಂದ ಒಂದು ಶಾಫ್ಟು ನೇರ ಹಿಂದಿನ ಚಕ್ರಗಳ ಕಡೆ ಹೋಗಿತ್ತು. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಬೆರಳು ತೋರಿಸಿ ಕೈ ತಿರುಗಿಸಿದರು. ಕಾರಿನ ಹುಡುಗನೂ ಹಾಗೇ ಕೈ ತಿರುಗಿಸಿ ನಕ್ಕ. ರಿವರ್ಸ್ ಗೇರ್ ಇದೆಯಾ ಅಂತ ಅಪ್ಪ ಹಿಂದಕ್ಕೆ ಸನ್ನೆ ಮಾಡಿದರು. ಹುಡುಗ ಇಲ್ಲ ಅಂತ ತಲೆಯಾಡಿಸಿ, ಕಾರನ್ನು ಎರಡೂ ಕೈಯಲ್ಲಿ ತಳ್ಳುವ ಹಾಗೆ ಮಾಡಿ ತೋರಿಸಿದ.

ಕತ್ತಲಾದ ಮೇಲೆ ದೀಪ ಹಾಕಿ ರೇಸು ಬಿಟ್ಟರು. ನೀರು ಹೊಡೆದ ಮಣ್ಣಿನ ವಾಸನೆ ಥೇಟ್ ನಮ್ಮೂರ ಮೊದಲ ಮಳೆಯದ್ದು. ಎಡಕ್ಕೆ ತಿರುಗುವ ಕಡೆ ಸ್ಟೇರಿಂಗ್ ಬಲಕ್ಕೆ ಎಳೆದು, ಕಾರಿನ ಹಿಂಭಾಗ ಜಾರಿಸಿಕೊಂಡೇ ಹೋಗುತ್ತಾರೆ. ನಾವೆಲ್ಲ ಎದ್ದು ನಿಂತು ಕೂಗುತ್ತಿದ್ದೆವು. ಅಪ್ಪ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ಹುಷಾರಿಲ್ವಾ ಅಂತ ಗಾಬರಿಯಾಗಿ ಭುಜ ಮುಟ್ಟಿದೆ.

"ತಡಿಯಮ್ಮ," ಅಂದರು. "ಈಗ ಮೂರನೇ ಗೇರಿಗೆ ಹಾಕಿದ."